ಬೇಸಿಗೆಯ ಬಿಡುವು ಯಾರ ಸೊತ್ತು?

ಚಿತ್ರದುರ್ಗದ ಸೀಮೆಯ ಬೇಸಿಗೆಯನ್ನು ಬಲ್ಲವರಿಗೆ ಅದನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ಶಾಲೆಗಳ ಬಾಗಿಲು ಮುಚ್ಚುತ್ತದೆ. ಹೊಲದಲ್ಲಿ ಕೆಲಸವಿರುವುದಿಲ್ಲ, ಕೆರೆಯಲ್ಲಿ ನೀರಿರುವುದಿಲ್ಲ. ಬೆಳಗಿನ ಹತ್ತು ಗಂಟೆಗೇ ಕೋಟೆಯ ಬಂಡೆಗಳು ಕಾದ ಹೆಂಚಿನಂತಾಗುತ್ತವೆ. ಮೇ ತಿಂಗಳ ಕೊನೆಯವರೆಗೆ ಹೀಗೆಯೇ. ಈ ಐವತ್ತು ದಿನಗಳನ್ನು ನಾವು ‘ರಜೆ’ ಎಂದು ಕರೆಯುತ್ತೇವೆ. ಯಾರಿಗೆ ರಜೆ, ಯಾವುದರಿಂದ ರಜೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ನಾನೂ ಬಹಳ ಕಾಲ ಕೇಳಿಕೊಂಡಿರಲಿಲ್ಲ. ಒಬ್ಬ ಹುಡುಗ ನನ್ನಿಂದ ಅದನ್ನು ಕೇಳಿಸಿದ.

ಅದು 2016ರ ಬೇಸಿಗೆ. ಬರದ ವರ್ಷ. ಹಿರಿಯೂರು ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ನಾವು ಕೆಲವು ಶಿಕ್ಷಕರು ಮತ್ತು ಗೆಳೆಯರು ಸೇರಿ ಹತ್ತು ದಿನಗಳ ಬೇಸಿಗೆ ಶಿಬಿರ ನಡೆಸಿದ್ದೆವು. ಎಂಟರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಪ್ರವೇಶ. ಶುಲ್ಕವಿಲ್ಲ. ಬೆಳಿಗ್ಗೆ ಏಳೂವರೆಯಿಂದ ಹನ್ನೊಂದರವರೆಗೆ ಹಾಡು, ಮಣ್ಣಿನ ಕೆಲಸ, ಕಬಡ್ಡಿ, ಕೊನೆಯ ದಿನಕ್ಕೊಂದು ಸಣ್ಣ ನಾಟಕ. ಮೂರನೆಯ ದಿನ ಕಿಟಕಿಯ ಸರಳು ಹಿಡಿದು ಒಬ್ಬ ಹುಡುಗ ಒಳಗೆ ನೋಡುತ್ತಾ ನಿಂತಿದ್ದ. ಹತ್ತು ವರ್ಷವಿರಬಹುದು. ಸೊಂಟದ ಮೇಲೆ ಎರಡು ವರ್ಷದ ತಂಗಿ. “ಯಾಕೋ ಹೊರಗೆ ನಿಂತಿದ್ದೀ? ಒಳಗೆ ಬಾ” ಎಂದೆ. “ತಂಗಿ ಅದಾಳೆ ಸಾರ್” ಎಂದ. “ತಂಗೀನ ಮನೇಲಿ ಬಿಟ್ಟು ಬಾ” ಎಂದೆ ನಾನು.

ಅವನು ಏನೂ ಹೇಳಲಿಲ್ಲ. ತಂಗಿಯನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಾಯಿಸಿಕೊಂಡು ಹೊರಟುಹೋದ. ಅವನ ತಂದೆ ತಾಯಿ ಇಬ್ಬರೂ ನಸುಕಿನಲ್ಲೇ ಉದ್ಯೋಗ ಖಾತರಿಯ ಕೆರೆ ಹೂಳೆತ್ತುವ ಕೆಲಸಕ್ಕೆ ಹೋಗುತ್ತಾರೆಂದು ಆಮೇಲೆ ತಿಳಿಯಿತು. ಮನೆಯಲ್ಲಿ ಬಿಡಲು ಮನೆಯಲ್ಲಿ ಯಾರೂ ಇರಲಿಲ್ಲ.

ನಾನು ಹೇಳಿದ್ದು ತಪ್ಪೇನಲ್ಲ ಎಂದು ಯಾರಾದರೂ ಹೇಳಬಹುದು. ಶಿಬಿರಕ್ಕೊಂದು ನಿಯಮ ಬೇಕು, ವಯಸ್ಸಿನ ಮಿತಿ ಬೇಕು, ಎರಡು ವರ್ಷದ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ ನಮ್ಮಲ್ಲಿರಲಿಲ್ಲ. ಎಲ್ಲವೂ ನಿಜ. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ‘ಎಲ್ಲ ಮಕ್ಕಳಿಗೂ ಉಚಿತ ಪ್ರವೇಶ’ ಎಂದು ಶಾಲೆಯ ಗೋಡೆಯ ಮೇಲೆ ಬರೆಸಿದವನು ನಾನೇ. ಆ ‘ಎಲ್ಲ’ ಎಂಬ ಪದದೊಳಗೆ ಆ ಹುಡುಗ ಇರಲಿಲ್ಲ. ದುಡ್ಡನ್ನು ತೆಗೆದುಹಾಕಿದರೆ ಬಾಗಿಲು ತೆರೆದಂತೆ ಎಂದು ನಾವು ಭಾವಿಸಿದ್ದೆವು. ಬಾಗಿಲಿಗೆ ದುಡ್ಡಿನದಲ್ಲದ ಅಗುಳಿಯೂ ಇರುತ್ತದೆ.

ಹಾಗಾದರೆ ಬಿಡುವು ಎಂದರೆ ಏನು? ಅದು ಯಾರಿಗೆ, ಯಾವ ಕಾರಣಕ್ಕೆ ಸಲ್ಲಬೇಕು? ನಮ್ಮ ಸಮಾಜ ಈ ಪ್ರಶ್ನೆಗೆ ಸಾಮಾನ್ಯವಾಗಿ ಮೂರು ಬಗೆಯ ಉತ್ತರ ಕೊಡುತ್ತದೆ.

ಮೊದಲನೆಯದು, ಬಿಡುವು ದುಡಿಮೆಗೆ ಸಿಗುವ ಕೂಲಿ. ದುಡಿದವನಿಗೆ ವಿಶ್ರಾಂತಿಯ ಹಕ್ಕು, ದುಡಿಯದವನಿಗೆ ಇಲ್ಲ. ಕೇಳಲು ನ್ಯಾಯವಾಗಿದೆ. ಆದರೆ ಈ ಲೆಕ್ಕದಂತೆ ಅತ್ಯಂತ ಹೆಚ್ಚು ಬಿಡುವು ಸಿಗಬೇಕಾದದ್ದು ಹೂಳೆತ್ತಲು ಹೋದ ಆ ತಾಯಿಗೆ. ಕೆರೆಯಂಗಳದಿಂದ ಬಂದು ಆಕೆ ಒಲೆ ಹಚ್ಚುತ್ತಾಳೆ, ನೀರು ತರುತ್ತಾಳೆ, ಮಗುವನ್ನು ಮಲಗಿಸುತ್ತಾಳೆ. ಬಿಡುವು ಆಕೆಗೆ ಮಾತ್ರ ಇಲ್ಲ. ಹೀಗಾಗಿ ಬಿಡುವು ದುಡಿಮೆಗೆ ತಕ್ಕಂತೆ ಸಿಗುತ್ತದೆ ಎಂಬುದನ್ನು ನಾವು ಬಾಯಲ್ಲಿ ಹೇಳುತ್ತೇವೆಯೇ ಹೊರತು ಬದುಕಿನಲ್ಲಿ ಪಾಲಿಸುವುದಿಲ್ಲ. ಬಿಡುವು ಹಂಚಿಕೆಯಾಗುತ್ತಿರುವುದು ಕೈಚೀಲದ ತೂಕಕ್ಕೆ ತಕ್ಕಂತೆ.

ಎರಡನೆಯದು, ಬಿಡುವು ಮುಂದಿನ ದುಡಿಮೆಗೆ ತಯಾರಿ. ಇಂದು ಪಟ್ಟಣಗಳಲ್ಲಿ ಬೇಸಿಗೆ ಬಂತೆಂದರೆ ಕಂಬ ಕಂಬಕ್ಕೂ ಫಲಕಗಳು ತೂಗುತ್ತವೆ. ವ್ಯಕ್ತಿತ್ವ ವಿಕಸನ, ಅಬ್ಯಾಕಸ್, ಸ್ಪೋಕನ್ ಇಂಗ್ಲಿಷ್, ನಾಯಕತ್ವದ ಗುಣ. ಅವು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಹತ್ತು ತಿಂಗಳು ಶಾಲೆಯಲ್ಲಿ ಕಲಿತ ಮಗುವನ್ನು ಉಳಿದೆರಡು ತಿಂಗಳು ಬೇರೆ ಹೆಸರಿನ ಶಾಲೆಗೆ ಕಳುಹಿಸಿ ಅದನ್ನು ಆಟವೆಂದು ಕರೆಯುವುದು ಮಗುವಿಗೂ ಮೋಸ, ಆಟಕ್ಕೂ ಮೋಸ. ಇನ್ನೊಂದು ಮಾತು: ಬಿಡುವಿನ ಬೆಲೆ ಮುಂದಿನ ದುಡಿಮೆಯಲ್ಲಿದೆ ಎಂದಾದರೆ, ಮುಂದೆ ದುಡಿಯಲಾರದ ಮುದುಕನಿಗೆ ಸಂತೋಷದ ಹಕ್ಕೇ ಇಲ್ಲವೆಂದಾಗುತ್ತದೆ. ಕಟ್ಟೆಯ ಮೇಲೆ ಕುಳಿತ ಅಜ್ಜನಿಗೆ ಯಾರೂ ಶಿಬಿರ ನಡೆಸದಿರುವುದು ಈ ತರ್ಕದ ಫಲವೇ ಇರಬೇಕು.

ಮೂರನೆಯದು, ಬಿಡುವು ಮನುಷ್ಯನಾಗಿ ಬದುಕುವುದರ ಒಂದು ಭಾಗ. ಅನ್ನ, ನೀರು, ಗೌರವಗಳಂತೆ ಅದೂ ಒಂದು. ಗ್ರೀಸಿನ ಅರಿಸ್ಟಾಟಲ್ ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಇದನ್ನು ವಾದಿಸಿದ್ದ. ನಾವು ದುಡಿಯುವುದು ಬಿಡುವಿಗಾಗಿಯೇ ಎಂಬುದು ಅವನ ಅಭಿಪ್ರಾಯ. ಇಂಗ್ಲಿಷಿನ ‘ಸ್ಕೂಲ್’ ಎಂಬ ಪದ ಹುಟ್ಟಿದ್ದು ಕೂಡ ಬಿಡುವು ಎಂಬ ಅರ್ಥದ ಗ್ರೀಕ್ ಪದದಿಂದ. ಬಿಡುವಿನಲ್ಲಿ ಮನುಷ್ಯ ಯೋಚಿಸುತ್ತಾನೆ, ಹಾಡುತ್ತಾನೆ, ಗೆಳೆತನ ಮಾಡುತ್ತಾನೆ. ಮಾತು ಚೆಂದವಾಗಿದೆ. ಆದರೆ ಅರಿಸ್ಟಾಟಲನ ಊರಿನಲ್ಲಿ ಪೌರರಿಗೆ ಆ ಬಿಡುವು ಸಿಗುತ್ತಿದ್ದುದು ಗುಲಾಮರು ಮತ್ತು ಹೆಂಗಸರು ದುಡಿಯುತ್ತಿದ್ದುದರಿಂದ. ಅವನಿಗೆ ಅದು ತಪ್ಪೆನಿಸಲಿಲ್ಲ. ನಮಗೆ ತಪ್ಪೆನಿಸಬೇಕು. ಬಿಡುವು ಮನುಷ್ಯತ್ವದ ಭಾಗವೆಂದು ಒಪ್ಪಿದ ಮೇಲೆ ಅದು ಕೆಲವರ ಭಾಗ್ಯವಾಗಿ ಉಳಿಯುವಂತಿಲ್ಲ, ಎಲ್ಲರಿಗೂ ಸಲ್ಲಬೇಕಾದ ಪಾಲಾಗುತ್ತದೆ. ಪಾಲೆಂದ ಮೇಲೆ ಅದನ್ನು ಸಲ್ಲಿಸುವ ಹೊಣೆ ಯಾರದ್ದಾದರೂ ಆಗಿರಲೇಬೇಕು.

1948ರ ವಿಶ್ವ ಮಾನವ ಹಕ್ಕುಗಳ ಘೋಷಣೆಯ 24ನೆಯ ವಿಧಿ ವಿಶ್ರಾಂತಿ ಮತ್ತು ಬಿಡುವನ್ನು ಹಕ್ಕೆಂದು ಹೇಳಿತು. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಆಟವನ್ನು ಹಕ್ಕೆಂದು ಹೇಳಿತು. ಭಾರತ 1992ರಲ್ಲಿ ಅದಕ್ಕೆ ಸೇರಿತು. ಕಾಗದದ ಮೇಲೆ ಆ ಕಿಟಕಿಯ ಹುಡುಗನಿಗೆ ಆಟದ ಹಕ್ಕು ಅವನು ಹುಟ್ಟುವ ಮೊದಲೇ ಬಂದಿತ್ತು. ಹೊಣೆ ಹೊರುವವರು ಮಾತ್ರ ಬಂದಿರಲಿಲ್ಲ.

ನಮ್ಮ ಹಿರಿಯರ ಕಾಲದಲ್ಲಿ ಈ ಹೊಣೆಯನ್ನು ಊರೇ ಹೊತ್ತಿತ್ತು ಎಂದು ಹೇಳುವವರಿದ್ದಾರೆ. ಅದರಲ್ಲಿ ಸತ್ಯವಿದೆ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ನೆಲಗಳಲ್ಲಿ ಇದೂ ಒಂದು. ಒಣಬೇಸಾಯದ ಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ಮುಂಗಾರಿನವರೆಗೆ ಹೊಲ ಸುಮ್ಮನೆ ಬಿದ್ದಿರುತ್ತದೆ. ಜಾತ್ರೆ, ತೇರು, ಬಯಲಾಟಗಳು ಹೆಚ್ಚಾಗಿ ಆ ದಿನಗಳಲ್ಲೇ ಬರುವುದು ಅದಕ್ಕಾಗಿಯೇ. ಹಿರಿಯೂರಿನ ತೇರುಮಲ್ಲೇಶ್ವರನ ತೇರಾಗಲಿ, ನಾಯಕನಹಟ್ಟಿಯ ತಿಪ್ಪೇಸ್ವಾಮಿಯ ಜಾತ್ರೆಯಾಗಲಿ ಸುಗ್ಗಿಯ ಕಣ ಖಾಲಿಯಾದ ಮೇಲಿನವು. ಅಲ್ಲಿ ವಯಸ್ಸಿನ ಮಿತಿಯಿರಲಿಲ್ಲ. ಬಯಲಾಟದ ಮುಂದೆ ಕಂಬಳಿ ಹಾಸಿಕೊಂಡು ಮೊಮ್ಮಗ, ಮಗ, ಅಜ್ಜ ಮೂವರೂ ಬೆಳಗಿನವರೆಗೆ ಕೂರುತ್ತಿದ್ದರು. ನಿದ್ದೆ ಬಂದ ಮಗು ಯಾರದೋ ತೊಡೆಯ ಮೇಲೆ ಮಲಗುತ್ತಿತ್ತು. ಮೊಹರಂ ಈ ಕಡೆಯ ಹಳ್ಳಿಗಳಲ್ಲಿ ಬಾಬಯ್ಯನ ಹಬ್ಬ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಮುಸ್ಲಿಮರಿಗಿಂತ ಬೇರೆಯವರೇ ಹೆಚ್ಚಿರುತ್ತಿದ್ದ ಊರುಗಳೂ ಇದ್ದವು. ಆ ಆಚರಣೆಯ ಧಾರ್ಮಿಕ ಸರಿ ತಪ್ಪುಗಳ ಚರ್ಚೆ ಬೇರೆ. ಒಂದು ಊರು ಒಟ್ಟಿಗೆ ಸೇರಿ ಹೊತ್ತು ಕಳೆಯಲು ಕಲಿತಿತ್ತು ಎಂಬುದಷ್ಟೇ ಇಲ್ಲಿ ಮುಖ್ಯ.

ಆದರೆ ಹಳೆಯದನ್ನು ಹೊಗಳುವಾಗ ಅದರ ಕಲೆಗಳನ್ನು ಮರೆಯಬಾರದು. ಆ ಕಂಬಳಿಯ ಮೇಲೆ ಎಲ್ಲರಿಗೂ ಜಾಗವಿರಲಿಲ್ಲ. ಕೇರಿಯವರು ದೂರದಲ್ಲಿ ನಿಂತು ನೋಡಬೇಕಿತ್ತು. ತೇರಿನ ಹಗ್ಗ ಯಾರು ಮುಟ್ಟಬೇಕು, ಯಾರು ಮುಟ್ಟಬಾರದು ಎಂಬ ಕಟ್ಟಳೆಗಳಿದ್ದವು. ಹೆಂಗಸರು ನೋಡುವವರೇ ಹೊರತು ಆಡುವವರಲ್ಲ. ಅಂದರೆ ಹಳೆಯ ಬಿಡುವು ವಯಸ್ಸನ್ನು ಕೇಳುತ್ತಿರಲಿಲ್ಲ, ಜಾತಿಯನ್ನು ಕೇಳುತ್ತಿತ್ತು. ಹೊಸ ಬಿಡುವು ಜಾತಿ ಕೇಳುವುದಿಲ್ಲವೆನ್ನುತ್ತದೆ, ವಯಸ್ಸನ್ನೂ ಶುಲ್ಕವನ್ನೂ ಕೇಳುತ್ತದೆ. ಎರಡೂ ಕಿಟಕಿಯ ಹೊರಗೆ ಯಾರನ್ನೋ ನಿಲ್ಲಿಸುತ್ತವೆ.

ಹೊಣೆ ಹೊರುವುದು ಹೇಗೆಂಬುದಕ್ಕೆ ಈ ಜಿಲ್ಲೆಯಲ್ಲೇ ಎರಡು ಮಾದರಿಗಳಿವೆ. ಒಂದು ಹೊಳಲ್ಕೆರೆ ತಾಲೂಕಿನ ಮಲ್ಲಾಡಿಹಳ್ಳಿ. ‘ತಿರುಕ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ರಾಘವೇಂದ್ರ ಸ್ವಾಮಿಗಳು ಊರೂರು ಸುತ್ತಿ ವ್ಯಾಯಾಮ ಮತ್ತು ಯೋಗಾಸನಗಳ ಶಿಬಿರ ನಡೆಸುತ್ತಿದ್ದವರು. ಕರಾವಳಿಯ ಬಾರಕೂರಿನಲ್ಲಿ ಹುಟ್ಟಿದ ಅವರು ಈ ಬಯಲುಸೀಮೆಯ ಹಳ್ಳಿಯಲ್ಲಿ ನೆಲೆ ನಿಂತು ಅನಾಥ ಸೇವಾಶ್ರಮ ಕಟ್ಟಿದರು. 1996ರಲ್ಲಿ ತೀರಿಕೊಳ್ಳುವವರೆಗೂ ಅವರ ಬಂಡವಾಳ ಒಂದು ಜೋಳಿಗೆ. ಆತ್ಮಕಥೆಗೆ ಅವರು ಇಟ್ಟ ಹೆಸರೂ ‘ಜೋಳಿಗೆಯ ಪವಾಡ’. ಬೇಡಿ ತಂದದ್ದರಲ್ಲಿ ಸಾವಿರಾರು ಯುವಕರಿಗೆ ದೇಹವನ್ನು ಪ್ರೀತಿಸುವುದನ್ನು ಕಲಿಸಿದರು. ಜೋಳಿಗೆ ಎಂದರೆ ಏನು? ನಿನ್ನ ಮಗುವಿನ ಆರೋಗ್ಯಕ್ಕೆ ನಾನೂ ಒಂದು ಹಿಡಿ ಕೊಡುತ್ತೇನೆ ಎಂದು ಊರು ಒಪ್ಪಿಕೊಳ್ಳುವುದು. ಶುಲ್ಕ ಕೊಡುವವನು ತನ್ನ ಮಗುವಿಗಾಗಿ ಕೊಡುತ್ತಾನೆ. ಜೋಳಿಗೆಗೆ ಹಾಕುವವನು ಯಾರದೋ ಮಗುವಿಗಾಗಿ ಹಾಕುತ್ತಾನೆ. ಇವೆರಡರ ನಡುವಿನ ಅಂತರ ಹಣದ ಮೊತ್ತದ್ದಲ್ಲ, ಮನಸ್ಸಿನದು.

ಇನ್ನೊಂದು ಹೊಸದುರ್ಗ ತಾಲೂಕಿನ ಸಾಣೇಹಳ್ಳಿ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು ಅಲ್ಲಿ ಕಟ್ಟಿದ ಕಲಾಸಂಘದಿಂದ 1997ರಲ್ಲಿ ‘ಶಿವಸಂಚಾರ’ ಎಂಬ ರೆಪರ್ಟರಿ ಹೊರಟಿತು. ಅದು ನಾಟಕಗಳನ್ನು ಹೊತ್ತು ನಾಡಿನ ಊರೂರಿಗೆ ಹೋಗುತ್ತದೆ. ಪುಟ್ಟ ಹಳ್ಳಿಯೊಂದರ ಬಯಲು ರಂಗಮಂದಿರದಲ್ಲಿ ಪ್ರತಿವರ್ಷ ನಾಟಕೋತ್ಸವ ನಡೆಯುತ್ತದೆ. ರೈತರು, ಮಕ್ಕಳು, ಮುದುಕರು ಮೆಟ್ಟಿಲುಗಳ ಮೇಲೆ ಕುಳಿತು ನಾಟಕ ನೋಡುತ್ತಾರೆ. ದೊಡ್ಡ ನಗರದಲ್ಲಿ ಟಿಕೆಟು ಕೊಂಡವರಿಗಷ್ಟೇ ಸಿಗುವ ನಾಟಕ ಇಲ್ಲಿ ರಾಗಿ ಹೊಲದ ಪಕ್ಕದಲ್ಲೇ ಸಿಗುತ್ತದೆ. ಕಾಯಕವನ್ನು ಕೈಲಾಸಕ್ಕೆ ಸಮಾನವೆಂದು ಕಂಡ ಪರಂಪರೆಯ ಮಠವೊಂದು ರಂಗಭೂಮಿಗೆ ಇಷ್ಟು ಜಾಗ ಕೊಟ್ಟಿರುವುದು ಗಮನಿಸಬೇಕಾದ ಸಂಗತಿ. ಕಾಯಕಕ್ಕೆ ಬೆಲೆ ಕೊಡುವುದೆಂದರೆ ಬಿಡುವನ್ನು ಕೀಳಾಗಿ ಕಾಣುವುದಲ್ಲ. ಮೈಮುರಿದು ದುಡಿಯುವವನಿಗೇ ತಾನೇ ಬಿಡುವಿನ ರುಚಿ ಗೊತ್ತಿರುವುದು.

ಇನ್ನು ಸರಕಾರ. ಬಾಲಭವನಗಳ ಮೂಲಕ ಜಿಲ್ಲೆ, ತಾಲೂಕು ಮಟ್ಟದಲ್ಲಿ ಬೇಸಿಗೆ ಶಿಬಿರಗಳು ನಡೆಯುತ್ತಾ ಬಂದಿವೆ. ಆದರೆ ಸರಕಾರದ ಹೊಣೆಯ ನಿಜವಾದ ಅರ್ಥ ತಿಳಿಯುವುದು ಬೇರೊಂದು ಕಡೆ. 2004ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಒಂದು ಆದೇಶ ಕೊಟ್ಟಿತು. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಶಾಲಾ ಮಕ್ಕಳಿಗೆ ಮಧ್ಯಾಹ್ನದ ಬಿಸಿಯೂಟ ಕೊಡಬೇಕು ಎಂಬುದು ಆ ಆದೇಶ. ಈ ಆದೇಶವನ್ನು ನಿಧಾನವಾಗಿ ಓದಬೇಕು. ರಜೆ ಬಂತೆಂದರೆ ಕೆಲವು ಮಕ್ಕಳಿಗೆ ಮಾವಿನಹಣ್ಣು, ಅಜ್ಜಿಮನೆ, ಪ್ರವಾಸ. ಇನ್ನು ಕೆಲವರಿಗೆ ರಜೆಯೆಂದರೆ ಮಧ್ಯಾಹ್ನದ ಊಟ ನಿಲ್ಲುವುದು. ಒಂದೇ ಪದ, ಒಂದೇ ತಾರೀಕು, ಎರಡು ಅರ್ಥ. 2017ರ ಬರದ ಬೇಸಿಗೆಯಲ್ಲಿ ಶಿಕ್ಷಣ ಇಲಾಖೆ ‘ಬೇಸಿಗೆ ಸಂಭ್ರಮ’ ಎಂಬ ಹೆಸರಿನಲ್ಲಿ ಬರಪೀಡಿತ ತಾಲೂಕುಗಳ ಸರಕಾರಿ ಶಾಲೆಗಳಲ್ಲಿ ಊಟದ ಜೊತೆಗೆ ಆಟ ಪಾಠಗಳನ್ನೂ ಸೇರಿಸಿತು. ಹಸಿವನ್ನೂ ಆಟವನ್ನೂ ಒಂದೇ ಎಲೆಯ ಮೇಲೆ ಬಡಿಸಿದ್ದು ಸರಿಯಾದ ಆಲೋಚನೆ. ಹಸಿದ ಮಗುವಿಗೆ ಆಟ ಹತ್ತುವುದಿಲ್ಲ. ಉಂಡ ಮಗು ಆಡದೆ ಇರುವುದಿಲ್ಲ.

ಇಲ್ಲಿ ಕೆಲವು ಆಕ್ಷೇಪಣೆಗಳನ್ನು ಎದುರಿಸಬೇಕು.

ಮೊದಲನೆಯದು ಧರ್ಮಭೀರುಗಳಿಂದ ಬರುವುದು. ಆಟ, ನಾಟಕ, ಹಾಡು ಇವೆಲ್ಲ ಕಾಲಹರಣ, ಮಕ್ಕಳನ್ನು ದಾರಿ ತಪ್ಪಿಸುತ್ತವೆ ಎಂಬುದು. ನಮ್ಮ ಮೊಹಲ್ಲಾಗಳಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ. ಮಠ ಮಂದಿರಗಳ ಸುತ್ತಲೂ ಕೇಳಿಬರುತ್ತದೆ. ಕಾಲಹರಣದ ಭಯ ಸುಳ್ಳಲ್ಲ. ಆರೋಗ್ಯ ಮತ್ತು ಬಿಡುವು ಎಂಬೆರಡು ಅನುಗ್ರಹಗಳ ವಿಷಯದಲ್ಲಿ ಬಹಳ ಮಂದಿ ನಷ್ಟಕ್ಕೊಳಗಾಗುತ್ತಾರೆ ಎಂದು ಪ್ರವಾದಿ ಮುಹಮ್ಮದ್(ಸ) ಎಚ್ಚರಿಸಿದ್ದಾರೆ. ಆದರೆ ಈ ಮಾತನ್ನು ಹೇಳುವವರು ಅದರ ಅರ್ಧವನ್ನಷ್ಟೇ ಕೇಳಿಸಿಕೊಂಡಿರುತ್ತಾರೆ. ಅಲ್ಲಿ ಬಿಡುವನ್ನು ಅನುಗ್ರಹವೆಂದು ಕರೆಯಲಾಗಿದೆ, ಪಾಪವೆಂದಲ್ಲ. ಹಬ್ಬದ ದಿನ ಅಬಿಸೀನಿಯಾದವರು ಮಸೀದಿಯಲ್ಲಿ ಭರ್ಜಿಯಾಟ ಆಡುತ್ತಿದ್ದಾಗ ಪ್ರವಾದಿಯವರು ಅದನ್ನು ತಡೆಯಲಿಲ್ಲ. ತಮ್ಮ ಪತ್ನಿ ಆಯಿಶಾ(ರ) ಸಾಕೆನಿಸುವವರೆಗೆ ಅದನ್ನು ನೋಡಲೆಂದು ಅವರಿಗೆ ಮರೆಯಾಗಿ ನಿಂತಿದ್ದರು. ಆಯಿಶಾರೊಂದಿಗೆ ಓಟದ ಪಂದ್ಯವನ್ನೂ ಆಡಿದ್ದರು. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ಹೊರಟ ಗೆಳೆಯನಿಗೆ ಸಲ್ಮಾನ್(ರ), ನಿನ್ನ ದೇಹಕ್ಕೂ ನಿನ್ನ ಮನೆಯವರಿಗೂ ನಿನ್ನ ಮೇಲೆ ಹಕ್ಕಿದೆ ಎಂದು ನೆನಪಿಸಿದಾಗ ಪ್ರವಾದಿಯವರು ಸಲ್ಮಾನರ ಮಾತೇ ಸರಿಯೆಂದರು. ಅನುಗ್ರಹವನ್ನು ಹಾಳು ಮಾಡುವುದಕ್ಕೆ ಎರಡು ದಾರಿಗಳಿವೆ. ಒಂದು ಅದನ್ನು ಪೋಲು ಮಾಡುವುದು, ಇನ್ನೊಂದು ಅದನ್ನು ಇತರರಿಗೆ ಸಿಗದಂತೆ ಮಾಡುವುದು. ಮೊದಲನೆಯದನ್ನು ನಾವು ಬಹಳ ಖಂಡಿಸುತ್ತೇವೆ. ಎರಡನೆಯದು ನಮ್ಮ ಕಣ್ಣಿಗೇ ಬೀಳುವುದಿಲ್ಲ.

ಎರಡನೆಯ ಆಕ್ಷೇಪಣೆ ಇನ್ನೂ ಸೂಕ್ಷ್ಮವಾದುದು. ನಮ್ಮ ಮಕ್ಕಳಿಗೆ ನಮ್ಮದೇ ಶಿಬಿರ ಸಾಕು ಎಂಬುದು. ಇಂದು ಪ್ರತಿಯೊಂದು ಸಮುದಾಯಕ್ಕೂ ತನ್ನದೇ ಬೇಸಿಗೆ ತರಗತಿಯಿದೆ. ಮಕ್ಕಳಿಗೆ ತಮ್ಮ ಧರ್ಮ, ಸಂಸ್ಕಾರ ಕಲಿಸುವುದು ತಂದೆ ತಾಯಿಯರ ಹಕ್ಕು ಮತ್ತು ಕರ್ತವ್ಯ. ಅದರ ಬಗ್ಗೆ ತಕರಾರಿಲ್ಲ. ಬೇರೆಯವರ ನಡುವೆ ಮಗು ಅವಮಾನಪಟ್ಟೀತು, ತನ್ನ ಊಟ ಉಡುಪಿನ ಬಗ್ಗೆ ಮಾತು ಕೇಳೀತು ಎಂಬ ತಾಯಿಯ ಭಯವೂ ಕಲ್ಪನೆಯಲ್ಲ. ಆದರೆ ಪ್ರಾರ್ಥನೆ ಪ್ರತ್ಯೇಕವಾಗಿರಬಹುದು, ಪಾಠ ಪ್ರತ್ಯೇಕವಾಗಿರಬಹುದು, ಆಟವೂ ಪ್ರತ್ಯೇಕವಾದರೆ ಮಕ್ಕಳು ಭೇಟಿಯಾಗುವುದೆಲ್ಲಿ? ಮುಂದೆ ಅವರು ಭೇಟಿಯಾಗುವುದು ಮಾರುಕಟ್ಟೆಯಲ್ಲಿ, ಕಚೇರಿಯಲ್ಲಿ, ಚುನಾವಣೆಯಲ್ಲಿ. ಅಲ್ಲೆಲ್ಲ ಒಬ್ಬರಿಗೊಬ್ಬರು ಗಿರಾಕಿ, ಅಧಿಕಾರಿ, ಎದುರಾಳಿ. ಗೆಳೆಯರಾಗುವ ಅವಕಾಶ ಅಷ್ಟರಲ್ಲಿ ಮುಗಿದುಹೋಗಿರುತ್ತದೆ.

ಆಟಕ್ಕೆ ಬೇರೆ ಯಾವುದಕ್ಕೂ ಇಲ್ಲದ ಒಂದು ಗುಣವಿದೆ. ಅಲ್ಲಿ ಎದುರಾಳಿ ಬೇಕೇ ಬೇಕು. ಎದುರಾಳಿ ಇಲ್ಲದಿದ್ದರೆ ಆಟವೇ ಇಲ್ಲ. ನಮ್ಮ ಊರುಗಳ ಕಬಡ್ಡಿಯನ್ನೇ ನೋಡಿ. ಗೆರೆಯ ಆಚೆ ಹೋದವನು ಒಂದೇ ಉಸಿರಿನಲ್ಲಿ ಮರಳಿ ಬರಬೇಕು, ಹಿಡಿಯುವವರು ಅವನನ್ನು ಮೈಗೆ ಮೈ ತಾಗಿಸಿಯೇ ಹಿಡಿಯಬೇಕು. ಮುಟ್ಟದೆ ಕಬಡ್ಡಿ ಆಡಲು ಬರುವುದಿಲ್ಲ. ಮುಟ್ಟುವುದನ್ನೇ ಅಪರಾಧವೆಂದು ನೂರಾರು ವರ್ಷ ಎಣಿಸಿದ ಸಮಾಜದಲ್ಲಿ ಈ ಆಟಕ್ಕೆ ಎಷ್ಟು ದೊಡ್ಡ ಅರ್ಥವಿದೆ! ಇನ್ನೊಂದು ನಿಯಮ ಇನ್ನೂ ಚೆಂದ. ಔಟಾದವನು ಶಾಶ್ವತವಾಗಿ ಹೊರಗಲ್ಲ. ತನ್ನವರು ಒಂದು ಅಂಕ ಗಳಿಸಿದರೆ ಮತ್ತೆ ಬದುಕಿ ಒಳಗೆ ಬರುತ್ತಾನೆ. ಹೊರಗೆ ಹೋದವನನ್ನು ಮತ್ತೆ ಒಳಗೆ ಕರೆದುಕೊಳ್ಳುವ ನಿಯಮ ಮಣ್ಣಿನ ಅಂಗಳದಲ್ಲಿದೆ. ನಮ್ಮ ಬದುಕಿನಲ್ಲಿ ಇನ್ನೂ ಬರಬೇಕಾಗಿದೆ.

ಮೂರನೆಯ ಆಕ್ಷೇಪಣೆ ವ್ಯವಹಾರಸ್ಥರದು. ಕುಡಿಯುವ ನೀರಿಗೇ ತತ್ವಾರವಿರುವ ಜಿಲ್ಲೆಯಲ್ಲಿ ಆಟಕ್ಕೆ ಹಣ ಏಕೆ? ನೀರಿನ ಮಾತು ಬಂದದ್ದರಿಂದ ಹೇಳುತ್ತೇನೆ. 1907ರಲ್ಲಿ ಕಟ್ಟಿ ಮುಗಿದ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ತುಂಬಿ ಹರಿದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ! ಅಂದು ಮಾರಿಕಣಿವೆಯ ಕೋಡಿ ನೋಡಲು ಜನ ಜಾತ್ರೆಯಂತೆ ಸೇರಿದರು. ಅಜ್ಜಂದಿರು ಮೊಮ್ಮಕ್ಕಳ ಕೈಹಿಡಿದು ಬಂದರು. ಯಾರೂ ಟಿಕೆಟು ಮಾರಲಿಲ್ಲ, ಯಾರೂ ಯಾರ ಜಾತಿ ಕೇಳಲಿಲ್ಲ. ನೀರು ಬರಿಯ ದಾಹಕ್ಕಲ್ಲ, ಸಂತೋಷಕ್ಕೂ ಬೇಕು ಎಂದು ಈ ಸೀಮೆಯ ಜನರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಇದರ ಇನ್ನೊಂದು ಮುಖ ಕಹಿಯಾದದ್ದು. ಪ್ರತಿ ಬೇಸಿಗೆಯಲ್ಲೂ ಕೆರೆಯಲ್ಲೋ, ಕೃಷಿ ಹೊಂಡದಲ್ಲೋ, ಕಲ್ಲು ಕ್ವಾರಿಯ ಗುಂಡಿಯಲ್ಲೋ ಈಜಲು ಹೋಗಿ ಮುಳುಗಿದ ಮಕ್ಕಳ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತೇವೆ. ಅವರು ಮಾಡಿದ ತಪ್ಪೇನು? ಬಿಸಿಲಿತ್ತು, ರಜೆಯಿತ್ತು, ನೀರಿತ್ತು. ಮಕ್ಕಳಿಗೆ ನಾವು ಆಟದ ಜಾಗ ಕೊಡದಿದ್ದರೆ ಅವರು ಆಡದೆ ಇರುವುದಿಲ್ಲ. ಸಾವಿನ ಪಕ್ಕದಲ್ಲಿ ಹೋಗಿ ಆಡುತ್ತಾರೆ. ಈಜು ಕಲಿಸುವ ಒಬ್ಬ ಹಿರಿಯ, ಒಂದು ಹಗ್ಗ, ಗಾಳಿ ತುಂಬಿದ ಒಂದು ಟ್ಯೂಬು, ಕಾವಲಿಗೆ ಇಬ್ಬರು ಇವಿಷ್ಟಕ್ಕೆ ಎಷ್ಟು ಖರ್ಚಾದೀತು? ಆಟದ ಹೊಣೆಯನ್ನು ಯಾರೂ ಹೊರದಿದ್ದರೆ ಖರ್ಚು ಉಳಿಯುವುದಿಲ್ಲ, ಅದನ್ನು ಬಡ ತಾಯಿಯೊಬ್ಬಳು ಭರಿಸುತ್ತಾಳೆ ಅಷ್ಟೆ.

ಹೆಣ್ಣುಮಕ್ಕಳ ಮಾತನ್ನೂ ಹೇಳಲೇಬೇಕು. ಚಿತ್ರದುರ್ಗದ ಜಿಲ್ಲಾ ಕ್ರೀಡಾಂಗಣಕ್ಕೆ ಒನಕೆ ಓಬವ್ವನ ಹೆಸರಿದೆ. ಗಂಡನನ್ನು ಊಟಕ್ಕೆ ಕೂರಿಸಿ ನೀರು ತರಲು ಹೋದ ಹೆಣ್ಣುಮಗಳು ಒನಕೆ ಹಿಡಿದು ಕೋಟೆ ಕಾದದ್ದು ಈ ಊರಿನ ಕಥೆ. ಆದರೆ ಆ ಹೆಸರಿನ ಅಂಗಳದಲ್ಲಿ ಹೆತ್ತ ತಾಯಂದಿರಲ್ಲಿ ಎಷ್ಟು ಮಂದಿ ಆಡಿದ್ದಾರೆ? ನೀರು ತರುವ ಕೆಲಸ ಓಬವ್ವನ ಕಾಲದಿಂದ ಇಂದಿನವರೆಗೆ ಹೆಣ್ಣಿನ ಹೆಗಲ ಮೇಲೆಯೇ ಇದೆ. ಸಾಹಸಕ್ಕಾಗಿ ಆಕೆಗೆ ಪ್ರತಿಮೆ ಕಟ್ಟುತ್ತೇವೆ. ವಾರಕ್ಕೆ ಒಂದು ಗಂಟೆ ಬಿಡುವು ಕೊಡೆಂದರೆ ಮುಖ ಮುಖ ನೋಡುತ್ತೇವೆ.

ಮತ್ತೆ ಆ ಹುಡುಗನ ಕಥೆಗೆ ಬರುತ್ತೇನೆ. ಮರುದಿನ ಬೆಳಿಗ್ಗೆ ಅವನ ಮನೆ ಹುಡುಕಿಕೊಂಡು ಹೋಗಿ, ತಂಗಿಯನ್ನು ಕರೆದುಕೊಂಡೇ ಬಾ ಎಂದೆ. ಬಂದ. ಮಗುವನ್ನು ನೋಡಿಕೊಳ್ಳುವವರು ಯಾರು ಎಂದು ನಾವು ತಲೆ ಕೆರೆದುಕೊಳ್ಳುತ್ತಿದ್ದಾಗ, ದಿನವೂ ಎದುರು ಮನೆಯ ಜಗಲಿಯಲ್ಲಿ ಕುಳಿತು ನಮ್ಮ ಗದ್ದಲ ಕೇಳುತ್ತಿದ್ದ ಅಜ್ಜಿಯೊಬ್ಬರು ಕೋಲೂರಿಕೊಂಡು ಬಂದು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡರು. ಯಾರೂ ಅವರನ್ನು ಕರೆದಿರಲಿಲ್ಲ. ಐದನೆಯ ದಿನ ಅವರು ಮನೆಯ ಅಟ್ಟದಿಂದ ಅಳಗುಳಿ ಮಣೆ ಇಳಿಸಿಕೊಂಡು ಬಂದರು. ಹುಣಸೆ ಬೀಜ ಹಂಚಿ ಹೆಣ್ಣುಮಕ್ಕಳಿಗೆ ಆಟ ಕಲಿಸಿದರು. ಲೆಕ್ಕದಲ್ಲಿ ಹಿಂದಿದ್ದ ಹುಡುಗಿಯರು ಅಜ್ಜಿಯನ್ನು ಸೋಲಿಸಲು ಬೀಜ ಎಣಿಸುತ್ತಾ ಕುಳಿತರು. ತಮ್ಮ ತಂಗಿಯರನ್ನು ಎತ್ತಿಕೊಂಡು ಇನ್ನೂ ನಾಲ್ಕು ಹುಡುಗಿಯರು ಬಂದರು. ಅವರೆಲ್ಲ ಅದುವರೆಗೆ ಬಾರದಿದ್ದುದು ಆಸಕ್ತಿಯಿಲ್ಲದೆ ಎಂದು ನಾವು ತಿಳಿದಿದ್ದೆವು. ಬಡವರ ಮನೆಯ ಮಗು ಬರಿಯ ಮಗುವಲ್ಲ, ಅದು ಇನ್ನೊಂದು ಮಗುವಿನ ತಾಯಿ ಕೂಡ. ವಯಸ್ಸು ನೋಡಿ ಬೇರ್ಪಡಿಸುವ ಶಿಬಿರ ಗೊತ್ತಿಲ್ಲದೆಯೇ ಬಡವರನ್ನು ಬೇರ್ಪಡಿಸುತ್ತದೆ. ಎಲ್ಲ ವಯಸ್ಸಿನವರಿಗೂ ಬಾಗಿಲು ತೆರೆದಾಗ ಅಜ್ಜಿಗೆ ಕೆಲಸ ಸಿಕ್ಕಿತು, ಹುಡುಗನಿಗೆ ಬಿಡುವು ಸಿಕ್ಕಿತು.

ಕಥೆ ಇಲ್ಲಿಗೆ ಸುಖಾಂತವಾಗಿದ್ದರೆ ಚೆನ್ನಾಗಿತ್ತು. ಆ ಹುಡುಗ ನಾಲ್ಕು ದಿನ ಬಂದ. ನಾಟಕದಲ್ಲಿ ಕಾವಲುಗಾರನ ಪಾತ್ರ, ಎರಡು ಮಾತು. ಎರಡನ್ನೂ ಗಟ್ಟಿಯಾಗಿ ಕಲಿತಿದ್ದ. ಎಂಟನೆಯ ದಿನ ಬರಲಿಲ್ಲ. ಮನೆಗೆ ಬೀಗ ಹಾಕಿತ್ತು. ಕಟ್ಟಡದ ಕೆಲಸಕ್ಕೆಂದು ರಾತ್ರಿಯೇ ಬೆಂಗಳೂರಿಗೆ ಹೊರಟರೆಂದು ಪಕ್ಕದವರು ಹೇಳಿದರು. ಕಾವಲುಗಾರನ ಮಾತನ್ನು ಇನ್ನೊಬ್ಬ ಹುಡುಗ ಆಡಿದ. ನಾಟಕ ಚೆನ್ನಾಗಿಯೇ ಆಯಿತು. ಶಿಬಿರವೊಂದು ಬರಗಾಲವನ್ನು ಗೆಲ್ಲಲಾರದು, ಗುಳೆಯನ್ನು ತಡೆಯಲಾರದು ಎಂಬುದು ನನಗೆ ಗೊತ್ತು. ಆದರೆ ಆ ನಾಲ್ಕು ದಿನಗಳು ಅವನಿಗೆ ಸಲ್ಲಬೇಕಾದವು. ಅವು ದಾನವಲ್ಲ, ನಾನು ತಡೆದಿಟ್ಟಿದ್ದ ಸಾಲ. ಮೊದಲ ಮೂರು ದಿನಗಳ ಸಾಲ ಇನ್ನೂ ನನ್ನ ಲೆಕ್ಕದಲ್ಲಿದೆ.

ಇದನ್ನು ಓದುತ್ತಿರುವವರ ಊರಿನಲ್ಲೂ ಒಂದು ಶಾಲೆಯಿರುತ್ತದೆ. ಅದಕ್ಕೆ ಅಂಗಳ, ಮರದ ನೆರಳು, ಒಂದು ನಲ್ಲಿ ಇರುತ್ತದೆ. ಏಪ್ರಿಲ್‌ನಿಂದ ಮೇ ತಿಂಗಳವರೆಗೆ ಅದರ ಗೇಟಿಗೆ ಬೀಗ. ಆ ಶಾಲೆ ಊರಿನ ತೆರಿಗೆಯಿಂದ ಕಟ್ಟಿದ್ದು. ಬೀಗದ ಕೈ ಯಾರ ಬಳಿಯಿದೆ ಎಂದು ಒಮ್ಮೆ ವಿಚಾರಿಸಿ ನೋಡಿ. ಹೆಡ್‌ಮಾಸ್ಟರರ ಬಳಿಯೋ, ಎಸ್‌ಡಿಎಂಸಿ ಅಧ್ಯಕ್ಷರ ಬಳಿಯೋ ಇರಬಹುದು. ಹೋಗಿ ಕೇಳಿ. ಬೆಳಗಿನ ತಂಪಿನಲ್ಲಿ ಎರಡು ಗಂಟೆ, ಸಂಜೆ ಎರಡು ಗಂಟೆ ಸಾಕು. ದೊಡ್ಡ ಸಮಾರಂಭ ಬೇಡ, ಉದ್ಘಾಟನೆಯ ಭಾಷಣ ಬೇಡ. ಒಬ್ಬ ಅಜ್ಜಿ, ಒಂದು ಮಣೆ, ಒಂದು ಕಬಡ್ಡಿ ಗೆರೆ, ಒಂದು ಕೊಡ ನೀರು. ಮತ್ತು ಸೊಂಟದ ಮೇಲೆ ತಂಗಿಯನ್ನು ಹೊತ್ತ ಹುಡುಗ ಗೇಟಿನ ಬಳಿ ಬಂದು ನಿಂತಾಗ, ನಾನು ಹೇಳಿದ ಮಾತನ್ನು ನೀವು ಹೇಳದಿದ್ದರೆ ಅಷ್ಟು ಸಾಕು.